ಎರಡನೆಯ ನುಡಿ ಮತ್ತು ಯಂತ್ರಗುರು

(ಆಕಾಶವಾಣಿ ಭಾಷಣದ ಬರಹರೂಪ)

ಭಟ್ಕಳದ ಬಸ್ ನಿಲ್ದಾಣದಲ್ಲಿ ಕಾಲು ಗಂಟೆಯ ಹೊತ್ತು ಸುಮ್ಮನೆ ಕುಳಿತವನ ಕಿವಿಗೆ ಎಷ್ಟು ಭಾಷೆಗಳು ಬೀಳುತ್ತವೆ ಎಂಬುದನ್ನು ಎಣಿಸಿ ನೋಡುವುದು ನನ್ನ ಹಳೆಯ ಹವ್ಯಾಸ. ನಿರ್ವಾಹಕನ ಕನ್ನಡ, ಪಕ್ಕದ ಬೆಂಚಿನ ಹೆಂಗಸರ ಕೊಂಕಣಿ, ನವಾಯತ ಹಿರಿಯರಿಬ್ಬರ ನವಾಯತಿ, ಶಾಲೆಯ ಹುಡುಗರ ಉರ್ದು, ಮೀನಿನ ಬುಟ್ಟಿ ಇಳಿಸಿಕೊಂಡು ನಿಂತವರ ಕರಾವಳಿಯ ಆಡುಮಾತು, ಹೊನ್ನಾವರದ ಕಡೆಯಿಂದ ಬಂದಿಳಿದ ನಮ್ಮವರ ಹವ್ಯಕ ನುಡಿ. ಇವರಲ್ಲಿ ಬಹುತೇಕ ಎಲ್ಲರೂ ತಮ್ಮ ಮನೆಯ ಮಾತಿನ ಜೊತೆಗೆ ಇನ್ನೊಂದನ್ನು ಕಲಿತವರೇ. ಯಾರು ಕಲಿಸಿದರು, ಹೇಗೆ ಕಲಿತರು ಎಂದು ಕೇಳಿದರೆ ಹೆಚ್ಚಿನವರು ನಕ್ಕು ಸುಮ್ಮನಾಗುತ್ತಾರೆ. ಈಚಿನ ವರ್ಷಗಳಲ್ಲಿ ಮಾತ್ರ ಆ ಪ್ರಶ್ನೆಗೆ ಹೊಸದೊಂದು ಉತ್ತರವೂ ಕೇಳಿಬರುತ್ತಿದೆ: "ಫೋನಿನಿಂದ ಕಲಿತೆ ಸರ್."

ಎರಡನೆಯ ಭಾಷೆಯನ್ನು ಮನುಷ್ಯ ಹೇಗೆ ಕಲಿಯುತ್ತಾನೆ, ಆ ಕಲಿಕೆಯನ್ನು ವಿದ್ವಾಂಸರು ಹೇಗೆ ಪರಿಶೀಲಿಸಿದ್ದಾರೆ, ಕೃತಕ ಬುದ್ಧಿಮತ್ತೆ ಎಂದು ಕರೆಯುವ ಈ ಹೊಸ ಯಂತ್ರಗುರುವಿಗೆ ಅದರಲ್ಲಿ ಯಾವ ಸ್ಥಾನ ಸಲ್ಲಬೇಕು ಎಂಬುದು ಈ ಹೊತ್ತಿನ ವಿಷಯ. ನಾನು ಭಾಷಾವಿಜ್ಞಾನಿಯಲ್ಲ, ಕನ್ನಡ ಸಾಹಿತ್ಯವನ್ನು ಪಾಠ ಹೇಳಿ ನಿವೃತ್ತನಾದವನು. ಆದರೆ ಈ ವಿಷಯದಲ್ಲಿ ನನಗೊಂದು ಹಳೆಯ ಸಾಲವಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಅಧ್ಯಾಪಕನಾಗಿ ಸೇರಿದ ಮೊದಲ ವರ್ಷಗಳಲ್ಲಿ, ಉರ್ದು ಮಾಧ್ಯಮದಲ್ಲಿ ಓದಿಬಂದ ಒಬ್ಬ ವಿದ್ಯಾರ್ಥಿ ನನ್ನ ತರಗತಿಯಲ್ಲಿದ್ದ. ತಡವಾಗಿ ಬಂದುದೇಕೆಂದು ಕೇಳಿದಾಗ ಆತ ಎದ್ದು ನಿಂತು, "ಸರ್, ಬಸ್ಸು ತಡವಾಗಿ ಬಂದಳು" ಎಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆತ ಕುಳಿತ. ಮುಂದೆ ಎರಡು ವರ್ಷ ನನ್ನ ತರಗತಿಯಲ್ಲಿದ್ದರೂ ಆ ಹುಡುಗ ಬಾಯಿಬಿಟ್ಟು ಕನ್ನಡದಲ್ಲಿ ಒಂದು ವಾಕ್ಯವನ್ನು ಆಡಲಿಲ್ಲ. ಪರೀಕ್ಷೆಯಲ್ಲಿ ಬರೆದು ತೇರ್ಗಡೆಯಾದ. ಮಾತಿನಲ್ಲಿ ಮಾತ್ರ ಮೂಕನಾಗಿಯೇ ಉಳಿದ.

ಆತನ ಮಾತಿನಲ್ಲಿ ಇದ್ದುದು ಅಜ್ಞಾನವಲ್ಲ, ಒಂದು ವ್ಯಾಕರಣ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಉರ್ದುವಿನಲ್ಲಿ ಬಸ್ಸು ಸ್ತ್ರೀಲಿಂಗ. ಅಲ್ಲಿ ನಿರ್ಜೀವ ವಸ್ತುವಿಗೂ ಪುಲ್ಲಿಂಗ, ಸ್ತ್ರೀಲಿಂಗಗಳುಂಟು. ಕ್ರಿಯಾಪದ ಅದನ್ನು ಅನುಸರಿಸಬೇಕು. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಗಂಡಸು, ಹೆಂಗಸು, ಉಳಿದದ್ದೆಲ್ಲ ನಪುಂಸಕ. ಆ ಹುಡುಗ ಬಸ್ಸು ಸ್ತ್ರೀಲಿಂಗವೆಂಬ ತನ್ನ ಭಾಷೆಯ ನಿಯಮವನ್ನು ಇಟ್ಟುಕೊಂಡು, ಸ್ತ್ರೀಲಿಂಗಕ್ಕೆ 'ಬಂದಳು' ಎನ್ನಬೇಕೆಂಬ ಕನ್ನಡದ ನಿಯಮವನ್ನು ಸರಿಯಾಗಿಯೇ ಅನ್ವಯಿಸಿದ್ದ. ಎರಡು ನಿಯಮಗಳೂ ಸರಿ. ಅವುಗಳ ಕೂಡಿಕೆ ಮಾತ್ರ ತಪ್ಪು. ಇನ್ನೊಂದು ವಿನೋದವನ್ನೂ ಹೇಳಬೇಕು. ಅಂದು ನಕ್ಕವರಲ್ಲಿ ಅರ್ಧದಷ್ಟು ಮಂದಿ ನಮ್ಮ ಹವ್ಯಕರ ಹುಡುಗರು. ಅವರೂ ನಾನೂ ನಮ್ಮ ನಮ್ಮ ಮನೆಗಳಲ್ಲಿ ಹೆತ್ತ ತಾಯಿಯನ್ನು ಕುರಿತು "ಆಯಿ ಬಂತು" ಎನ್ನುವವರು! ಹೆಂಗಸರಿಗೆ ನಪುಂಸಕ ಕ್ರಿಯಾಪದವನ್ನು ಹಚ್ಚುವುದು ಹವ್ಯಕ ನುಡಿಯ ಸಹಜ ರೀತಿ. ಪಠ್ಯಪುಸ್ತಕದ ಕನ್ನಡ ಆ ಹುಡುಗನಿಗೆ ಎಷ್ಟು ಪರಭಾಷೆಯೋ, ಸ್ವಲ್ಪ ಮಟ್ಟಿಗೆ ನಮಗೂ ಅಷ್ಟೇ ಆಗಿತ್ತು. ನಮ್ಮ ತಪ್ಪುಗಳು ಬಾಲ್ಯದಲ್ಲೇ ತಿದ್ದಿಹೋಗಿದ್ದವು. ಅವನದಕ್ಕೆ ಸಮಯ ಸಿಕ್ಕಿರಲಿಲ್ಲ. ವ್ಯತ್ಯಾಸ ಇಷ್ಟೆ.

ತಪ್ಪನ್ನು ಕುರಿತ ಈ ದೃಷ್ಟಿ ವಿದ್ವತ್ಪ್ರಪಂಚಕ್ಕೂ ಒಮ್ಮೆಗೇ ಬಂದುದಲ್ಲ. 1957ರಲ್ಲಿ ಅಮೆರಿಕದ ರಾಬರ್ಟ್ ಲ್ಯಾಡೊ ಎಂಬ ವಿದ್ವಾಂಸ, ಕಲಿಯುವವನ ಮನೆಮಾತನ್ನೂ ಅವನು ಕಲಿಯಬೇಕಾದ ಭಾಷೆಯನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ ಎಲ್ಲಿ ತೊಡಕು ಬರುತ್ತದೆಂಬುದನ್ನು ಮುಂಚಿತವಾಗಿಯೇ ಹೇಳಬಹುದೆಂದ. ಇದು ಒಂದು ಮಟ್ಟಿಗೆ ನಿಜ. ನಮ್ಮ ಕರಾವಳಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ನಿಷೇಧಕ್ಕೆ 'ಇಲ್ಲ' ಮತ್ತು 'ಅಲ್ಲ' ಎಂಬ ಎರಡು ರೂಪಗಳಿವೆ. ಮನೆಯಲ್ಲಿ ಯಾರೂ ಇಲ್ಲ. ಇದು ನನ್ನ ಮನೆ ಅಲ್ಲ. ಉರ್ದುವಿನಲ್ಲಿ ಎರಡಕ್ಕೂ 'ನಹೀಂ' ಒಂದೇ ಸಾಕು. ಆದ್ದರಿಂದ ಉರ್ದು ಮಾತನಾಡುವ ಮಗು "ಇದು ನನ್ನ ಪುಸ್ತಕ ಇಲ್ಲ" ಎನ್ನುವುದು ಸಹಜ. ಕೊಂಕಣಿಯಲ್ಲಾದರೋ 'ನಾ', 'ನ್ಹಯ್' ಎಂದು ಕನ್ನಡದಂತೆಯೇ ಎರಡು ರೂಪಗಳಿರುವುದರಿಂದ ಕೊಂಕಣಿ ಮಗುವಿಗೆ ಈ ತೊಡಕಿಲ್ಲ. ಆದರೆ ಲಿಂಗದ ವಿಷಯಕ್ಕೆ ಬಂದರೆ ಕೊಂಕಣಿಯ ಮಗುವೂ ಎಡವಬಹುದು, ಏಕೆಂದರೆ ಕೊಂಕಣಿಯಲ್ಲಿ ಮರ, ಅಂದರೆ 'ರೂಕು', ಪುಲ್ಲಿಂಗ, ದಾರಿ, ಅಂದರೆ 'ವಾಟ', ಸ್ತ್ರೀಲಿಂಗ, 'ಘರ' ನಪುಂಸಕ. ಹೀಗೆ ಮನೆಮಾತು ಒಂದು ಕಡೆ ಕೈಹಿಡಿದು ನಡೆಸುತ್ತದೆ, ಇನ್ನೊಂದು ಕಡೆ ಕಾಲಿಗೆ ತೊಡರುತ್ತದೆ.

ಆದರೆ ಎಲ್ಲ ತಪ್ಪುಗಳೂ ಮನೆಮಾತಿನಿಂದ ಬರುವುದಿಲ್ಲವೆಂದು ಮುಂದೆ ತಿಳಿದುಬಂತು. 1967ರಲ್ಲಿ ಪಿಟ್ ಕಾರ್ಡರ್ ಎಂಬಾತ, ಕಲಿಯುವವನ ತಪ್ಪು ಅಳಿಸಿಹಾಕಬೇಕಾದ ಕಲೆಯಲ್ಲ, ಅವನ ಮನಸ್ಸಿನಲ್ಲಿ ರೂಪುಗೊಳ್ಳುತ್ತಿರುವ ನಿಯಮಗಳಿಗೆ ಸಾಕ್ಷ್ಯ ಎಂದು ವಾದಿಸಿದ. 1972ರಲ್ಲಿ ಲ್ಯಾರಿ ಸೆಲಿಂಕರ್ ಅದಕ್ಕೊಂದು ಹೆಸರನ್ನೇ ಕೊಟ್ಟ. ಅದನ್ನು ನಾವು 'ಅಂತರಭಾಷೆ' ಎನ್ನಬಹುದು. ಕಲಿಯುವವನ ಮಾತು ಅವನ ಮನೆಮಾತೂ ಅಲ್ಲ, ಕಲಿಯಬೇಕಾದ ಭಾಷೆಯೂ ಅಲ್ಲ. ನಡುವೆ ಅವನೇ ಕಟ್ಟಿಕೊಂಡ, ತನ್ನದೇ ನಿಯಮಗಳುಳ್ಳ, ದಿನದಿನಕ್ಕೆ ಬದಲಾಗುವ ಮೂರನೆಯ ಭಾಷೆ. ಕೆಲವೊಮ್ಮೆ ಅದು ಬದಲಾಗುವುದನ್ನು ನಿಲ್ಲಿಸಿ ಕಲ್ಲಿನಂತೆ ಗಟ್ಟಿಯಾಗಿಬಿಡುವುದೂ ಉಂಟು. ಏಕೆ ಗಟ್ಟಿಯಾಗುತ್ತದೆ ಎಂಬುದಕ್ಕೆ ಕಾರಣಗಳು ಹಲವು. ಮಾತನಾಡಲು ನಾಚಿಕೆ ಹುಟ್ಟಿಸುವ ಒಂದು ನಗೆಯೂ ಅವುಗಳಲ್ಲಿ ಒಂದಾಗಿರಬಹುದೆಂದು ನನ್ನ ಅನುಭವ ಹೇಳುತ್ತದೆ.

ಭಾಷೆ ಕಲಿಯುವವನು ಮಾತ್ರ ಬದಲಾಗುತ್ತಾನೆ, ಭಾಷೆ ಹಾಗೆಯೇ ಇರುತ್ತದೆ ಎಂದೂ ತಿಳಿಯಬಾರದು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಕುಪವಾಡ ಎಂಬ ಊರಿದೆ. ಅಲ್ಲಿ ಕನ್ನಡ, ಮರಾಠಿ, ಉರ್ದು ಮಾತನಾಡುವವರು ತಲೆತಲಾಂತರದಿಂದ ಕೂಡಿ ಬಾಳಿದ್ದಾರೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು ಆ ಊರಿನ ಮಾತನ್ನು ಅಭ್ಯಾಸಮಾಡಿ 1971ರಲ್ಲಿ ಪ್ರಕಟಿಸಿದ ಲೇಖನ ಜಗತ್ಪ್ರಸಿದ್ಧವಾಯಿತು. ಶಬ್ದಗಳು ಬೇರೆ ಬೇರೆಯಾಗಿಯೇ ಉಳಿದು, ವಾಕ್ಯದ ಕಟ್ಟಡ ಮಾತ್ರ ಮೂರು ಭಾಷೆಗಳಲ್ಲಿಯೂ ಒಂದೇ ಆಗುತ್ತ ಬಂದಿತ್ತು. ಅಲ್ಲಿನ ಮರಾಠಿಯ ಲಿಂಗವ್ಯವಸ್ಥೆಯೂ ಕನ್ನಡದಂತೆ ಅರ್ಥವನ್ನು ಅನುಸರಿಸುವತ್ತ ಬಾಗಿತ್ತು! ನಮ್ಮ ಕರಾವಳಿಗೂ ಇಂಥ ಸಾಕ್ಷ್ಯವಿದೆ. ಕರ್ನಾಟಕದ ಸಾರಸ್ವತರ ಕೊಂಕಣಿ ವಾಕ್ಯರಚನೆಯಲ್ಲಿ ಕನ್ನಡದ ಜಾಡನ್ನು ಹೇಗೆ ಹಿಡಿಯಿತೆಂಬುದನ್ನು ಮಂಗೇಶ ನಾಡಕರ್ಣಿಯವರು 1975ರಲ್ಲಿ 'ಲ್ಯಾಂಗ್ವೇಜ್' ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ ವಿವರಿಸಿದರು. ಒಂದು ಹುಡುಗನ ಬಾಯಲ್ಲಿ ತಪ್ಪೆನಿಸಿದ್ದು ಒಂದು ಊರಿನ ಬಾಯಲ್ಲಿ ನೂರಾರು ವರ್ಷ ನಿಂತರೆ ವ್ಯಾಕರಣವಾಗುತ್ತದೆ.

ಈ ನೆಲದಲ್ಲಿ ಇದು ಹೊಸ ಚಿಂತನೆಯೂ ಅಲ್ಲ. ಭಟ್ಕಳ ತಾಲೂಕಿನ ಹಾಡುವಳ್ಳಿ ಒಂದು ಕಾಲಕ್ಕೆ ಸಂಗೀತಪುರವೆಂಬ ಹೆಸರಿನ ಜೈನ ವಿದ್ಯಾಕೇಂದ್ರ. ಆ ಪರಂಪರೆಯ ಭಟ್ಟಾಕಳಂಕದೇವ 1604ರಲ್ಲಿ 'ಕರ್ಣಾಟಕ ಶಬ್ದಾನುಶಾಸನ'ವನ್ನು ರಚಿಸಿದ. 592 ಸೂತ್ರಗಳ ಆ ಗ್ರಂಥ ಕನ್ನಡದ ವ್ಯಾಕರಣ. ಆದರೆ ಬರೆದದ್ದು ಸಂಸ್ಕೃತದಲ್ಲಿ. ಒಂದು ಭಾಷೆಯನ್ನು ಇನ್ನೊಂದು ಭಾಷೆಯ ಕನ್ನಡಿಯಲ್ಲಿ ಹಿಡಿದು ತೋರಿಸುವ ಕೆಲಸ ನಮ್ಮ ಕಾಡಿನಂಚಿನ ಹಳ್ಳಿಯೊಂದರ ಪರಂಪರೆಗೆ ನಾಲ್ಕು ಶತಮಾನಗಳ ಹಿಂದೆಯೇ ತಿಳಿದಿತ್ತು. ಎರಡನೆಯ ಭಾಷೆಯಲ್ಲಿ ಎಷ್ಟು ಎತ್ತರಕ್ಕೆ ಏರಬಹುದು ಎಂಬುದಕ್ಕಂತೂ ಕನ್ನಡ ಸಾಹಿತ್ಯದ ಓದುಗರಿಗೆ ಉದಾಹರಣೆ ಬೇಕಿಲ್ಲ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ಗೋವಿಂದ ಪೈಗಳದು ಕೊಂಕಣಿ. ನಮ್ಮ ಕುಮಟಾ ತಾಲೂಕಿನವರೇ ಆದ ಗೋಕರ್ಣದ ಗೌರೀಶ ಕಾಯ್ಕಿಣಿಯವರೂ ಹನೇಹಳ್ಳಿಯ ಯಶವಂತ ಚಿತ್ತಾಲರೂ ಕೊಂಕಣಿಯ ಮನೆಯಿಂದ ಕನ್ನಡಕ್ಕೆ ಬಂದವರು. ಇವರೆಲ್ಲರನ್ನು ಕಳೆದರೆ ಹೊಸಗನ್ನಡ ಸಾಹಿತ್ಯದಲ್ಲಿ ಉಳಿಯುವುದೆಷ್ಟು?

ಹಾಗಾದರೆ ಕಲಿಕೆ ನಡೆಯುವುದು ಹೇಗೆ? ನಿಯಮಗಳನ್ನು ಬಾಯಿಪಾಠ ಮಾಡಿಸುವುದರಿಂದಲೆ? 1980ರ ದಶಕದಲ್ಲಿ ಸ್ಟೀಫನ್ ಕ್ರಾಷೆನ್ ಎಂಬ ವಿದ್ವಾಂಸ ಒಂದು ಸರಳ ಉತ್ತರ ಕೊಟ್ಟ. ಕಲಿಯುವವನ ಮಟ್ಟಕ್ಕಿಂತ ಒಂದೇ ಮೆಟ್ಟಿಲು ಮೇಲಿರುವ, ಆದರೆ ಸಂದರ್ಭದಿಂದ ಅರ್ಥವಾಗುವ ಮಾತನ್ನು ಧಾರಾಳವಾಗಿ ಕೇಳಿಸಿದರೆ ಭಾಷೆ ತಾನಾಗಿ ಮೂಡುತ್ತದೆ ಎಂಬುದು ಅವನ ವಾದ. ಕೆನಡಾದಲ್ಲಿ ಫ್ರೆಂಚ್ ಮಾಧ್ಯಮದಲ್ಲಿ ಓದುತ್ತಿದ್ದ ಇಂಗ್ಲಿಷ್ ಮಕ್ಕಳನ್ನು ಗಮನಿಸಿದ ಮೆರಿಲ್ ಸ್ವೇನ್ ಎಂಬಾಕೆ 1985ರಲ್ಲಿ, ಕೇಳುವುದಷ್ಟೇ ಸಾಲದು ಎಂದಳು. ಆ ಮಕ್ಕಳು ವರ್ಷಗಟ್ಟಲೆ ಫ್ರೆಂಚ್ ಕೇಳಿ ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಿದ್ದರು. ಆಡುವಾಗ ಮಾತ್ರ ಎಡವುತ್ತಿದ್ದರು. ಆಡಬೇಕಾಗಿ ಬಂದಾಗಲೇ ತನ್ನ ಮಾತಿನ ಕೊರತೆ ಕಲಿಯುವವನ ಗಮನಕ್ಕೆ ಬರುತ್ತದೆ ಎಂಬುದು ಅವಳ ನಿಲುವು. ನೀರಿಗೆ ಇಳಿಯದೆ ಈಜು ಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದೂ ಇದನ್ನೇ.

ನಮ್ಮ ನಾಡಿನಲ್ಲೇ ನಡೆದ ಒಂದು ಪ್ರಯೋಗ ಈ ಚರಿತ್ರೆಯಲ್ಲಿ ದೊಡ್ಡ ಹೆಸರು ಪಡೆಯಿತು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ಬೆಂಗಳೂರು, ಮದರಾಸು ಮೊದಲಾದ ಕಡೆಯ ಸಾಮಾನ್ಯ ಶಾಲೆಗಳಲ್ಲಿ, ವ್ಯಾಕರಣ ಪಾಠವನ್ನು ಬದಿಗಿಟ್ಟು ಇಂಗ್ಲಿಷ್ ಕಲಿಸಲಾಯಿತು. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಇಂಥವನ್ನು ಮಕ್ಕಳ ಮುಂದಿಟ್ಟು, ಯಾವ ರೈಲು ಹಿಡಿದರೆ ಹೊತ್ತಿಗೆ ಸರಿಯಾಗಿ ತಲುಪಬಹುದು ಎಂಬಂಥ ಸಮಸ್ಯೆಯನ್ನು ಬಿಡಿಸಲು ಹೇಳುವುದು ಅದರ ಕ್ರಮ. ಅರ್ಥಕ್ಕಾಗಿ ಹೆಣಗುವ ಮನಸ್ಸಿಗೆ ರೂಪ ತಾನಾಗಿ ದಕ್ಕುತ್ತದೆ ಎಂಬುದು ಅದರ ನಂಬಿಕೆ. ವಿದೇಶದ ತಜ್ಞರು ಬಂದು ಪರೀಕ್ಷೆ ನಡೆಸಿದಾಗ, ಯಾವ ಪದ್ಧತಿಯ ಮಕ್ಕಳು ಆ ಪದ್ಧತಿಗೆ ಒಗ್ಗುವ ಪ್ರಶ್ನೆಗಳಲ್ಲಿ ಮುಂದಿರುವ ಪ್ರವೃತ್ತಿಯೂ ಕಂಡುಬಂತು. ಅಂದರೆ ಕಲಿಕೆಯನ್ನು ಅಳೆಯುವುದಕ್ಕೆ ಯಾವ ಕೋಲನ್ನು ಹಿಡಿಯುತ್ತೇವೆ ಎಂಬುದೇ ಅರ್ಧ ಉತ್ತರವನ್ನು ನಿರ್ಧರಿಸಿಬಿಡುತ್ತದೆ. ಈ ಮಾತನ್ನು ನೆನಪಿನಲ್ಲಿಡಿ. ಯಂತ್ರದ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ. ಭಾರತೀಯ ಭಾಷೆಗಳ ಮಟ್ಟಿಗೆ ಇಂಥ ಕೆಲಸಕ್ಕೆ ನೆಲೆಯಾದದ್ದು 1969ರಲ್ಲಿ ಮೈಸೂರಿನಲ್ಲಿ ಡಿ. ಪಿ. ಪಟ್ಟನಾಯಕರ ನಿರ್ದೇಶನದಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನ. ಅದರ ದಕ್ಷಿಣ ಪ್ರಾದೇಶಿಕ ಕೇಂದ್ರದಲ್ಲಿ ಬೇರೆ ರಾಜ್ಯಗಳ ಶಿಕ್ಷಕರು ಹತ್ತು ತಿಂಗಳು ನೆಲೆಸಿ ಕನ್ನಡ ಕಲಿತು ಹೋಗುವ ವ್ಯವಸ್ಥೆ ರೂಪುಗೊಂಡಿತು. ಹತ್ತು ತಿಂಗಳಲ್ಲಿ ಅಪರಿಚಿತ ಭಾಷೆಯೊಂದು ಬಾಯಿಗೆ ಬರಬಲ್ಲದೆಂಬುದಕ್ಕೆ ಆ ಶಿಕ್ಷಕರೇ ಸಾಕ್ಷಿ.

ಈಗ ಯಂತ್ರದ ಮಾತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ವಿಷಯ ಮನೆಮಾತಾಯಿತಾದರೂ ಅದರ ಹಿಂದೆ ದೀರ್ಘವಾದ ಸಿದ್ಧತೆಯಿದೆ. ಈ ಯಂತ್ರಗಳ ಒಳಗೆ ವ್ಯಾಕರಣದ ಸೂತ್ರಗಳಿರುತ್ತವೆಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಅಪಾರವಾದ ಬರಹದ ರಾಶಿಯನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆದು, ಒಂದು ತುಣುಕಿನ ನಂತರ ಯಾವುದು ಬರುವ ಸಂಭವ ಹೆಚ್ಚು ಎಂಬುದನ್ನು ಕೋಟ್ಯಂತರ ಸಲ ಊಹಿಸಿ, ತಪ್ಪಿದಾಗಲೆಲ್ಲ ತನ್ನೊಳಗಿನ ಅಂಕಿಗಳನ್ನು ಚೂರು ಚೂರೇ ತಿದ್ದಿಕೊಂಡು ಯಂತ್ರ ಕಲಿಯುತ್ತದೆ. ಸೋಜಿಗವೆಂದರೆ ಅದೂ ತಪ್ಪುಗಳ ಮೂಲಕವೇ ಕಲಿಯುತ್ತದೆ. ಆದರೆ ಅದನ್ನು ನೋಡಿ ಯಾರೂ ನಗುವುದಿಲ್ಲ!

ಕನ್ನಡ ಇಂಥ ಯಂತ್ರಕ್ಕೆ ಸುಲಭದ ತುತ್ತಲ್ಲ. 'ಹೋಗಬೇಕಾಗಿರಲಿಲ್ಲವೇನೋ' ಎಂಬ ಒಂದು ಪದವನ್ನು ನೋಡಿ. ಹೋಗು, ಬೇಕು, ಆಗಿ, ಇರಲಿಲ್ಲ, ಏನೋ ಎಂದು ಐದು ಅರ್ಥಗಳು ಒಂದಕ್ಕೊಂದು ಹೆಣೆದುಕೊಂಡು ಒಂದೇ ಪದವಾಗಿವೆ. ಇಂಗ್ಲಿಷಿಗಾಗಿ ಹೆಚ್ಚಾಗಿ ಪಳಗಿಸಿದ ಹಲವು ಯಂತ್ರಗಳು ಇಂಥ ಪದವನ್ನು ಅರ್ಥದ ಕೀಲುಗಳಲ್ಲಿ ಬಿಡಿಸದೆ ಎಲ್ಲೆಂದರಲ್ಲಿ ಕತ್ತರಿಸಿಕೊಳ್ಳುತ್ತವೆ. ಇಂಗ್ಲಿಷಿಗೆ ಹೋಲಿಸಿದರೆ ಅವುಗಳ ಮುಂದಿರುವ ಕನ್ನಡದ ಬರಹವೂ ಬಹಳ ಕಡಿಮೆ. ಆದರೂ ಕೆಲಸ ಸಾಗಿದೆ. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ, ಕೊಂಕಣಿ 2022ರಲ್ಲಿ. ಅದೇ 2022ರಲ್ಲಿ ಕೇಂದ್ರ ಸರ್ಕಾರ 'ಭಾಷಿಣಿ' ಎಂಬ ಯೋಜನೆಯನ್ನು ಲೋಕಾರ್ಪಣೆ ಮಾಡಿತು. ಮದರಾಸಿನ ಐ.ಐ.ಟಿ.ಯ 'ಎಐ ಫಾರ್ ಭಾರತ್' ತಂಡ 2023ರಲ್ಲಿ ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಿಗೂ ಅನುವಾದ ಯಂತ್ರವನ್ನು ಸಿದ್ಧಪಡಿಸಿ ಎಲ್ಲರಿಗೂ ಮುಕ್ತವಾಗಿ ನೀಡಿತು.

ಯಂತ್ರಗುರುವಿನ ಗುಣವೇನು, ದೋಷವೇನು ಎಂಬುದನ್ನು ನಾನು ಕಣ್ಣಾರೆ ಕಂಡ ಒಂದು ಪ್ರಸಂಗದಿಂದ ಹೇಳುತ್ತೇನೆ. ಕೇರಳದಿಂದ ಬಂದ ದಾದಿಯೊಬ್ಬಳು ನಮ್ಮ ಕಡೆಯ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಕನ್ನಡದ ಗಂಧವಿಲ್ಲ. ರಾತ್ರಿ ಪಾಳಿ ಮುಗಿಸಿ ಕೋಣೆಗೆ ಬಂದು ಫೋನನ್ನು ಎದುರಿಗಿಟ್ಟುಕೊಂಡು ಕಲಿಯುತ್ತಿದ್ದಳು. ಒಂದೇ ವಾಕ್ಯವನ್ನು ಐವತ್ತು ಸಲ ಕೇಳಿದರೂ ಆ ಗುರುವಿಗೆ ಬೇಸರವಿಲ್ಲ, ಹಂಗಿಸುವುದಿಲ್ಲ, ಗಡಿಯಾರ ನೋಡುವುದಿಲ್ಲ. ಮೂರು ತಿಂಗಳಲ್ಲಿ ಆಕೆ ಆಡುವ ಕನ್ನಡವನ್ನು ಕೇಳಿ ನಾನು ಬೆರಗಾದೆ. ಆದರೆ ಆ ಕನ್ನಡ ಹೀಗಿತ್ತು: "ತಮಗೆ ಯಾವ ಭಾಗದಲ್ಲಿ ವೇದನೆ ಉಂಟಾಗುತ್ತಿದೆ?" ಮಂಚದ ಮೇಲೆ ಮಲಗಿದ್ದ ಮೀನುಗಾರರ ಕೇರಿಯ ಅಜ್ಜಿ ಕಣ್ಣುಕಣ್ಣು ಬಿಟ್ಟಳು. ಅಜ್ಜಿ ಹೇಳಿದ್ದು: "ಕಾಲು ಸೆಳೀತದೆ ಮಗಾ." ದಾದಿ ಅದನ್ನು ಯಂತ್ರಕ್ಕೆ ಒಪ್ಪಿಸಿದಳು. ಯಂತ್ರದ ಪ್ರಕಾರ ಅಜ್ಜಿಯ ಕಾಲು ಆಕರ್ಷಿಸುತ್ತಿತ್ತು! ಬರಹದ ಕನ್ನಡದಲ್ಲಿ 'ಸೆಳೆತ'ವೆಂದರೆ ಆಕರ್ಷಣೆ. ಅಜ್ಜಿಯ ಬಾಯಲ್ಲಿ ಅದು ನರ ಹಿಡಿದೆಳೆಯುವ ನೋವು. ಯಂತ್ರ ಓದಿದ ಪುಸ್ತಕಗಳಲ್ಲಿ ಅಜ್ಜಿಯ ಮಾತು ಇರಲಿಲ್ಲ. ಇದನ್ನು ನಕ್ಕು ಮರೆಯಬಹುದು. ಆದರೆ ನೋವನ್ನು ಹೇಳಿಕೊಳ್ಳುವ ಮಾತು ಎದುರಿಗಿದ್ದವರಿಗೆ ತಿಳಿಯದೆ ಹೋದರೆ ಅದರ ಬೆಲೆಯನ್ನು ತೆರಬೇಕಾದವಳು ಅಜ್ಜಿ.

ಅಂದು ದಾದಿ ಮಾಡಿದ ಕೆಲಸ ನನಗೆ ಪಾಠವಾಯಿತು. ಫೋನನ್ನು ಬದಿಗಿಟ್ಟು, ಕೈಸನ್ನೆ ಮಾಡಿ, "ಸೆಳೀತದೆ ಅಂದರೆ ಹೇಗೆ ಅಜ್ಜಿ?" ಎಂದು ಕೇಳಿದಳು. ಅಜ್ಜಿ ತನ್ನ ಮೀನಖಂಡವನ್ನು ಹಿಡಿದು ಹಿಂಡಿ ತೋರಿಸಿದಳು. ಆ ಪದ ಇನ್ನೆಂದೂ ಆ ಹುಡುಗಿಗೆ ಮರೆಯದು. ಐವತ್ತು ಸಲದ ಅಭ್ಯಾಸದಿಂದ ಬಂದ ಧೈರ್ಯ ಯಂತ್ರ ಕೊಟ್ಟದ್ದು. ಪದದ ಅರ್ಥ ಅಜ್ಜಿ ಕೊಟ್ಟದ್ದು. ಒಂದು ಇನ್ನೊಂದಕ್ಕೆ ಬದಲಿಯಲ್ಲ.

ಯಂತ್ರಕ್ಕೆ ಒಪ್ಪಿಸಬಹುದಾದ ಕೆಲಸ ಹಾಗಾದರೆ ಯಾವುದು? ಉಚ್ಚಾರದ ಅಭ್ಯಾಸ ಒಂದು. ಉರ್ದುವಿನಲ್ಲಿ ಳಕಾರವಿಲ್ಲ; 'ಬೆಲೆ' ಮತ್ತು 'ಬೆಳೆ', 'ಹಲ್ಲಿ' ಮತ್ತು 'ಹಳ್ಳಿ' ಇವುಗಳ ಭೇದವನ್ನು ಕಿವಿಗೂ ನಾಲಗೆಗೂ ಹಿಡಿಸಲು ನೂರು ಸಲ ಹೇಳಿಸುವ ತಾಳ್ಮೆ ನಲವತ್ತು ಮಕ್ಕಳ ತರಗತಿಯಲ್ಲಿ ಯಾವ ಶಿಕ್ಷಕನಿಗಿದೆ? ಪದಗಳನ್ನು ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ನೆನಪಿಸುವುದು ಇನ್ನೊಂದು. ಮರೆವಿಗೂ ಒಂದು ಲೆಕ್ಕವಿದೆಯೆಂದು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದ. ಪ್ರತಿ ಮಗುವಿಗೂ ಬೇರೆ ಬೇರೆಯಾಗಿ ಆ ಲೆಕ್ಕವನ್ನಿಡುವುದು ಯಂತ್ರಕ್ಕೆ ಸುಲಭ. ಎಲ್ಲಕ್ಕಿಂತ ಮುಖ್ಯವಾಗಿ, ನಾಚಿಕೆಯಿಂದ ಬಾಯಿಕಟ್ಟಿದವನಿಗೆ ಯಾರೂ ನಗದ ಒಂದು ಮೂಲೆಯನ್ನು ಅದು ಒದಗಿಸುತ್ತದೆ. ನನ್ನ ಆ ವಿದ್ಯಾರ್ಥಿಗೆ ಅಂದು ಅಂಥ ಮೂಲೆಯೊಂದಿದ್ದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಇನ್ನು ಅಪಾಯಗಳು. ಯಂತ್ರ ತಿಳಿಯದ್ದನ್ನೂ ತಿಳಿದಂತೆಯೇ ನುಡಿಯುತ್ತದೆ. ಅದರ ದನಿಯಲ್ಲಿ ಸಂಶಯದ ಎಳೆಯೂ ಕಾಣದಿರಬಹುದು. ಕಲಿಯುವವನಿಗೆ ಸರಿತಪ್ಪುಗಳ ವಿವೇಚನೆ ಇನ್ನೂ ಬಂದಿರುವುದಿಲ್ಲವಾದ್ದರಿಂದ ಅವನೇ ಮೊದಲು ಮೋಸಹೋಗುವವನು. ಎರಡನೆಯದು, ದುಡಿಮೆಯನ್ನು ಯಂತ್ರಕ್ಕೇ ಬಿಟ್ಟುಕೊಡುವ ಚಟ. ತುರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು 1000 ವಿದ್ಯಾರ್ಥಿಗಳ ಮೇಲೆ ನಡೆಸಿ 2025ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ವಿಷಯ ಭಾಷೆಯಲ್ಲ, ಗಣಿತ. ಆದರೂ ಅದರ ಪಾಠ ನಮಗೆ ಸಲ್ಲುತ್ತದೆ. ಯಂತ್ರದ ನೆರವಿನಿಂದ ಅಭ್ಯಾಸ ಮಾಡಿದವರ ಅಭ್ಯಾಸದ ಅಂಕಗಳು ಶೇಕಡಾ 48ರಷ್ಟು ಏರಿದವು. ಯಂತ್ರವನ್ನು ಕಿತ್ತುಕೊಂಡು ಪರೀಕ್ಷೆ ಮಾಡಿದಾಗ, ಯಂತ್ರವನ್ನೇ ಕಾಣದವರಿಗಿಂತ ಅವರು ಶೇಕಡಾ 17ರಷ್ಟು ಹಿಂದೆ ಬಿದ್ದರು. ಉತ್ತರವನ್ನು ಕೊಡದೆ ಸುಳಿವುಗಳನ್ನಷ್ಟೇ ಕೊಡುವಂತೆ ತಿದ್ದಿದ ಯಂತ್ರದಿಂದ ಕಲಿತವರಲ್ಲಿ ಈ ನಷ್ಟ ಬಹುಮಟ್ಟಿಗೆ ಕಾಣಲಿಲ್ಲ. ಅಳತೆಗೋಲಿನ ಮಾತು ನೆನಪಾಯಿತೆ? ಯಂತ್ರ ಕೈಯಲ್ಲಿರುವಾಗ ಅಳೆದರೆ ಒಂದು ಫಲ, ಇಲ್ಲದಾಗ ಅಳೆದರೆ ಇನ್ನೊಂದು. ಭಾಷೆಯ ಪರೀಕ್ಷೆ ನಡೆಯುವುದು ಸಂತೆಯಲ್ಲಿ, ಆಸ್ಪತ್ರೆಯಲ್ಲಿ, ಕಚೇರಿಯ ಕಿಟಕಿಯ ಮುಂದೆ; ಅಲ್ಲಿ ಊರುಗೋಲು ಯಾವಾಗಲೂ ಕೈಯಲ್ಲಿರುವುದಿಲ್ಲ.

ಮೂರನೆಯ ಅಪಾಯ ನಮ್ಮ ಊರಿಗೇ ಸಂಬಂಧಿಸಿದ್ದು. ಯಂತ್ರ ಬಲ್ಲ ಕೊಂಕಣಿ ಬಹುಪಾಲು ದೇವನಾಗರಿಯಲ್ಲಿ ಬರೆದ ಗೋವೆಯ ಕೊಂಕಣಿ. ನಮ್ಮಲ್ಲಿ ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವ ರೂಢಿ. ಅರಬ್ಬಿ-ಫಾರಸಿ ಲಿಪಿಯಲ್ಲಿ ಬರೆಯುವ ನವಾಯತಿಯಂತೂ ಆ 22ರ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ. ಹಾಲಕ್ಕಿಗಳ ಕನ್ನಡ, ಹವ್ಯಕ ಕನ್ನಡ ಇವು ಪುಸ್ತಕಕ್ಕೆ ಇಳಿದದ್ದೇ ಕಡಿಮೆ. ನವಾಯತಿ ಮನೆಮಾತಿನ ಮಗುವಿಗೆ ಕನ್ನಡ ಕಲಿಸಬೇಕಾದ ಯಂತ್ರಕ್ಕೆ ಆ ಮಗುವಿನ ಮನೆಮಾತೇ ಗೊತ್ತಿಲ್ಲದಿದ್ದರೆ, ಅದರ ತಪ್ಪಿನ ಹಿಂದಿರುವ ವ್ಯಾಕರಣ ಗೊತ್ತಾಗುವುದು ಹೇಗೆ? ಅದು 'ಬಂದಳು' ಎಂಬುದನ್ನು 'ಬಂತು' ಎಂದು ತಿದ್ದಿಬಿಡುತ್ತದೆ. ಅಂದು ನಾನು ಮಾಡಿದ್ದೂ ಅಷ್ಟೆ. ಯಂತ್ರ ನಗುವುದಿಲ್ಲ ಎಂಬುದೊಂದೇ ವ್ಯತ್ಯಾಸ.

ಆದ್ದರಿಂದ ಸಂಶೋಧನೆ ಇಲ್ಲಿಂದಲೇ, ನಮ್ಮಿಂದಲೇ ಆಗಬೇಕೆಂದು ನನ್ನ ಕೋರಿಕೆ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಒಂದನೆಯ ಅಥವಾ ಎರಡನೆಯ ಭಾಷೆಯಾಗಿ ಕಲಿಸಬೇಕಾಗಿದೆ. ಕಲಿಸಬೇಕೆಂಬ ಆಜ್ಞೆ ಇದ್ದರೆ ಸಾಲದು, ಕಲಿಯುವವನ ದಾರಿಯ ನಕ್ಷೆಯೂ ಬೇಕು. ಭಟ್ಕಳ, ಹೊನ್ನಾವರ, ಕುಮಟಾಗಳ ಕಾಲೇಜುಗಳ ಕನ್ನಡ ವಿಭಾಗಗಳು ಸೇರಿ, ಬೇರೆ ಬೇರೆ ಮನೆಮಾತಿನ ಮಕ್ಕಳ ಕನ್ನಡವನ್ನು, ಅವರ ತಪ್ಪುಗಳ ಸಮೇತ, ತಂದೆತಾಯಿಗಳ ಒಪ್ಪಿಗೆ ಪಡೆದು, ಹೆಸರುಗಳನ್ನು ಮರೆಮಾಡಿ ಸಂಗ್ರಹಿಸಬಹುದು. ಯಾವ ಮನೆಮಾತಿನವರಿಗೆ ಯಾವ ತೊಡಕು, ಅದು ಯಾವ ತರಗತಿಯಲ್ಲಿ ಕರಗುತ್ತದೆ, ಯಾವುದು ಕಲ್ಲಾಗಿ ಉಳಿಯುತ್ತದೆ ಎಂಬುದನ್ನು ವರ್ಷಗಟ್ಟಲೆ ಗಮನಿಸಬಹುದು. ಬಳಿಕ ಒಂದು ಗುಂಪಿಗೆ ಯಂತ್ರದ ನೆರವು, ಇನ್ನೊಂದಕ್ಕೆ ಶಿಕ್ಷಕರ ನೆರವು, ಮೂರನೆಯದಕ್ಕೆ ಎರಡೂ ಕೊಟ್ಟು, ಕೆಲವು ತಿಂಗಳು ಬಿಟ್ಟು ಯಂತ್ರವಿಲ್ಲದೆ ಪರೀಕ್ಷಿಸಬಹುದು. ಆ ಪರೀಕ್ಷೆಯಲ್ಲಿ ಬರವಣಿಗೆಯಷ್ಟೇ ಇರಬಾರದು. ಅಂಗಡಿಯಲ್ಲಿ ಚೌಕಾಶಿ ಮಾಡುವುದೂ ಅಜ್ಜಿಯ ನೋವನ್ನು ತಿಳಿಯುವುದೂ ಇರಬೇಕು. ಹೀಗೆ ಸಂಗ್ರಹವಾದ ನುಡಿಯೇ ನಾಳೆ ಯಂತ್ರಕ್ಕೂ ಪಾಠವಾಗುತ್ತದೆ. ನಮ್ಮ ಮಾತನ್ನು ನಾವು ಕೊಡದೆ, ಯಂತ್ರಕ್ಕೆ ನಮ್ಮ ಮಾತು ಬಾರದೆಂದು ದೂರುವುದು ನ್ಯಾಯವಲ್ಲ.

ಕೊನೆಯದಾಗಿ ಒಂದು ಮಾತು. ನಮ್ಮ ಊರಿನಲ್ಲಿ ಕೇರಿಯಿಂದ ಕೇರಿಗೆ ಮಾತು ಕಡಿಮೆಯಾಗಿದ್ದ ವರ್ಷಗಳನ್ನೂ ನಾನು ಕಂಡಿದ್ದೇನೆ. ಆಗಲೂ ಅಂಗಡಿಯ ಕಟ್ಟೆಯ ಮೇಲೆ, ಮೀನಿನ ಪೇಟೆಯಲ್ಲಿ, ಬಸ್ಸಿನ ಸೀಟಿನಲ್ಲಿ ಮುರುಕು ಕನ್ನಡವೂ ಮುರುಕು ಉರ್ದುವೂ ಮುರುಕು ಕೊಂಕಣಿಯೂ ಓಡಾಡುತ್ತಲೇ ಇದ್ದವು. ಆ ಮುರುಕು ಮಾತೇ ಊರನ್ನು ಹಿಡಿದು ನಿಲ್ಲಿಸಿತೆಂದು ನನಗನಿಸುತ್ತದೆ. ನಾಳೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಯಂತ್ರವೇ ತಕ್ಷಣ ಅನುವಾದಿಸಿ ಹೇಳಿಬಿಟ್ಟರೆ, ಪರಸ್ಪರರ ಭಾಷೆಯನ್ನು ಕಲಿಯುವ ಗೋಜೇ ಬೇಡವೆನಿಸಬಹುದು. ಮಾತು ತಲುಪುತ್ತದೆ, ನಿಜ. ಆದರೆ ನೆರೆಯವನ ಭಾಷೆಯಲ್ಲಿ ತಪ್ಪುತಪ್ಪಾಗಿಯಾದರೂ ಎರಡು ಮಾತನಾಡಿದಾಗ ಅವನ ಮುಖದಲ್ಲಿ ಅರಳುವ ವಿಶ್ವಾಸ ಅನುವಾದದಲ್ಲಿ ತಲುಪುತ್ತದೆಯೆ?

ಕನ್ನಡಿಗರಾದ ನಮಗೆ ಇನ್ನೊಂದು ಅಭ್ಯಾಸವಿದೆ. ಎದುರಿನವನು ಕನ್ನಡದಲ್ಲಿ ತಡವರಿಸಿದೊಡನೆ ನಾವು ಹಿಂದಿಗೋ ಇಂಗ್ಲಿಷಿಗೋ ಹಾರಿಬಿಡುತ್ತೇವೆ. ಉಪಕಾರವೆಂದು ತಿಳಿದು ಮಾಡುವ ಈ ಕೆಲಸದಿಂದ ಅವನ ಕಲಿಕೆಯ ಬಾಗಿಲನ್ನು ನಾವೇ ಮುಚ್ಚುತ್ತೇವೆ. ಇನ್ನು ಮುಂದೆ ಯಾರಾದರೂ ನಿಮ್ಮೆದುರು "ಬಸ್ಸು ಬಂದಳು" ಎಂದರೆ ನಗಬೇಡಿ, ಭಾಷೆಯನ್ನೂ ಬದಲಿಸಬೇಡಿ. "ಹೌದೆ? ಎಷ್ಟು ಹೊತ್ತಿಗೆ ಬಂತು?" ಎಂದು ಕೇಳಿ, ಉತ್ತರಕ್ಕಾಗಿ ಸ್ವಲ್ಪ ಕಾಯಿರಿ. ತಿದ್ದುಪಡಿಯೂ ಆಯಿತು, ಮಾತೂ ಮುಂದುವರಿಯಿತು.

ನನ್ನ ಆ ವಿದ್ಯಾರ್ಥಿ ಈಗ ಎಲ್ಲಿದ್ದಾನೋ ತಿಳಿಯದು. ಈ ಮಾತುಗಳನ್ನು ಎಲ್ಲಾದರೂ ಕೇಳುತ್ತಿದ್ದರೆ, ಅಂದು ತರಗತಿಯಲ್ಲಿ ನಾನು ಕೇಳಬೇಕಾಗಿದ್ದ ಪ್ರಶ್ನೆಯನ್ನು ಈಗಲಾದರೂ ಕೇಳುತ್ತೇನೆ: ನಿಮ್ಮ ಭಾಷೆಯಲ್ಲಿ ಬಸ್ಸಿಗೆ ಏನೆನ್ನುತ್ತೀರಪ್ಪಾ, ನನಗೂ ಸ್ವಲ್ಪ ಕಲಿಸು.